ತೆರೆ ಸರಿದ ಮೊದಲ ಗಳಿಗೆ

ಟೂರಿಂಗ್ ಟಾಕೀಸುಗಳ ಕಾಲದಲ್ಲಿ ಹಳ್ಳಿಗಳಿಂದ ಸಿನಿಮಾ ನೋಡಲು ಹೊರಟವರಿಗೆ ಇದ್ದದ್ದು ಒಂದೇ ಆತಂಕ. ಹೆಸರು ತೋರಿಸುವುದಕ್ಕೆ ಮುಂಚೆ ಡೇರೆ ಸೇರಬೇಕು. ಡೇರೆಯ ಮೇಲಿನ ಧ್ವನಿವರ್ಧಕದಲ್ಲಿ ಘಂಟಸಾಲ ಹಾಡಿದ ವೆಂಕಟೇಶ ಸ್ತುತಿ ಕೇಳಿಬಂತೆಂದರೆ ಆಟ ಶುರುವಾಗುತ್ತದೆ ಎಂದು ಅರ್ಥ. ದಾರಿಯಲ್ಲಿದ್ದವರು ಹೆಜ್ಜೆ ಚುರುಕುಗೊಳಿಸುತ್ತಿದ್ದರು, ಟಿಕೆಟ್ ಕೊಳ್ಳುವ ಸಾಲಿನಲ್ಲಿದ್ದವರು ಒಬ್ಬರನ್ನೊಬ್ಬರು ನೂಕುತ್ತಿದ್ದರು. ನೆಲದ ಟಿಕೆಟಾಗಲಿ ಕುರ್ಚಿಯ ಟಿಕೆಟಾಗಲಿ, ಹೆಸರು ತಪ್ಪಿಸಿಕೊಂಡವನು ಪೂರ್ತಿ ಸಿನಿಮಾ ನೋಡಿದವನೆನಿಸುತ್ತಿರಲಿಲ್ಲ.

ತೆರೆಯ ಮೇಲೆ ಮೂಡುವ ಅಕ್ಷರಗಳನ್ನು ಓದಲು ಬಾರದವರೂ ಅವನ್ನು ತಪ್ಪಿಸಿಕೊಳ್ಳಲು ಒಪ್ಪುತ್ತಿರಲಿಲ್ಲ ಎಂಬುದು ಯೋಚಿಸಬೇಕಾದ ಸಂಗತಿ. ಅವರು ಕಾಯುತ್ತಿದ್ದದ್ದು ಅಕ್ಷರಗಳಿಗಲ್ಲ. ಆ ಹೊತ್ತಿನ ಸಂಗೀತಕ್ಕೆ, ಮೊದಲ ಚಿತ್ರಕ್ಕೆ, ಇನ್ನು ಎರಡೂವರೆ ಗಂಟೆ ತಾವು ಯಾವ ಲೋಕದಲ್ಲಿರುತ್ತೇವೆ ಎಂಬ ಸೂಚನೆಗೆ. ಚಿತ್ರದ ಆರಂಭ ಪ್ರೇಕ್ಷಕನೊಂದಿಗೆ ಮಾಡಿಕೊಳ್ಳುವ ಒಪ್ಪಂದವಿದ್ದಂತೆ. ಇಲ್ಲಿ ನಗಬಹುದೇ, ಅಳಬೇಕಾಗುತ್ತದೆಯೇ, ಯಾರನ್ನು ನಂಬಬೇಕು, ಯಾರ ಬಗ್ಗೆ ಎಚ್ಚರದಿಂದಿರಬೇಕು ಎಂಬುದೆಲ್ಲ ಮೊದಲ ಐದಾರು ನಿಮಿಷಗಳಲ್ಲೇ ತೀರ್ಮಾನವಾಗುತ್ತದೆ. ಆ ತೀರ್ಮಾನದಲ್ಲಿ ತನ್ನದೂ ಒಂದು ಸಹಿ ಇದೆ ಎಂಬುದು ಮಾತ್ರ ಪ್ರೇಕ್ಷಕನ ಅರಿವಿಗೆ ಬರುವುದಿಲ್ಲ.

ಈ ಸಂಗತಿ ಕೋಲಾರ ಜಿಲ್ಲೆಯ ಮಟ್ಟಿಗೆ ಬರೀ ಕಲೆಯ ಪ್ರಶ್ನೆಯಾಗಿ ಉಳಿದಿಲ್ಲ. 2018ರಿಂದ ಈಚೆಗೆ ಈ ಜಿಲ್ಲೆಯ ಚಿನ್ನದ ಗಣಿಯ ಹೆಸರು ದೇಶದ ಉದ್ದಗಲಕ್ಕೆ ತಿಳಿದದ್ದು ಒಂದು ಚಲನಚಿತ್ರದಿಂದ. ಆ ಚಿತ್ರ ತನ್ನ ಕಥೆಯನ್ನು ಎಲ್ಲಿಂದ, ಯಾರ ಬಾಯಿಂದ ಆರಂಭಿಸಿತು ಎಂಬುದಕ್ಕೂ ಗಣಿಯ ನಿಜವಾದ ಚರಿತ್ರೆಗೂ ಇರುವ ಅಂತರ ಸಣ್ಣದಲ್ಲ. ಅದನ್ನು ನೋಡುವ ಮೊದಲು, ಆರಂಭ ಎಂಬುದು ಕೆಲಸ ಮಾಡುವ ಬಗೆಯನ್ನು ತಿಳಿಯುವುದು ಉಚಿತ.

ಸಾರಥಿಯ ಪ್ರಶ್ನೆ

ಸಿನಿಮಾಕ್ಕಿಂತ ಬಹಳ ಹಿಂದೆಯೇ ನಮ್ಮ ರಂಗಭೂಮಿ ಈ ಸಮಸ್ಯೆಯನ್ನು ಎದುರಿಸಿತ್ತು. ಸಂತೆಯಿಂದ, ಹೊಲದಿಂದ, ಮನೆಯ ಜಗಳದಿಂದ ಎದ್ದುಬಂದ ಜನರನ್ನು ಕಥೆ ಕೇಳುವ ಮನಸ್ಥಿತಿಗೆ ತರುವುದು ಹೇಗೆ? ಭರತನ ನಾಟ್ಯಶಾಸ್ತ್ರ ಇದಕ್ಕಾಗಿ ಪೂರ್ವರಂಗವೆಂಬ ಒಂದು ಇಡೀ ವಿಧಿಯನ್ನೇ ಹೇಳುತ್ತದೆ. ವಾದ್ಯಗಳನ್ನು ಶ್ರುತಿಗೂಡಿಸುವುದರಿಂದ ಹಿಡಿದು ನಾಂದಿಯವರೆಗೆ ಅದರಲ್ಲಿ ಹಲವು ಹಂತಗಳಿವೆ. ನಾಟಕ ಆರಂಭವಾಗುವುದು ಆಮೇಲೆ.

ಕೋಲಾರ ಸೀಮೆಯ ಹಳ್ಳಿಗಳಲ್ಲಿ ಮೂಡಲಪಾಯದ ಬಯಲಾಟಕ್ಕೆ ಕೇಳಿಕೆ ಎಂಬ ಹೆಸರುಂಟು. ಅಲ್ಲೂ ಕಥೆ ನೇರವಾಗಿ ಶುರುವಾಗುವುದಿಲ್ಲ. ಮದ್ದಳೆ, ತಾಳ, ಮುಖವೀಣೆಗಳ ನಾದದೊಂದಿಗೆ ಗಣಪತಿಯ ಸ್ತುತಿ ನಡೆಯುತ್ತದೆ. ಬಳಿಕ ಪಾತ್ರ ತೆರೆಯ ಹಿಂದೆ ಬಂದು ನಿಲ್ಲುತ್ತದೆ. ಇಬ್ಬರು ಹಿಡಿದ ಆ ತೆರೆಯ ಮೇಲೆ ಮೊದಲು ಕಾಣುವುದು ಕಿರೀಟ, ಕೆಳಗೆ ಕೇಳುವುದು ಗೆಜ್ಜೆಯ ಸದ್ದು. ತೆರೆ ಸರಿದ ಮೇಲೆ ಸಾರಥಿ ಮುಂದೆ ಬಂದು, ತಾವು ಯಾರು, ಯಾವ ಊರಿನವರು, ಇಲ್ಲಿಗೆ ಬಂದ ಕಾರಣವೇನು ಎಂದು ಪಾತ್ರವನ್ನೇ ವಿಚಾರಿಸುತ್ತಾನೆ. ರಾಜನಿರಲಿ ರಾಕ್ಷಸನಿರಲಿ, ಈ ವಿಚಾರಣೆಗೆ ಉತ್ತರ ಕೊಡದೆ ಆಟದೊಳಕ್ಕೆ ಬರುವಂತಿಲ್ಲ. ಸಾರಥಿ ಒಮ್ಮೆ ವಿನಯದಿಂದ, ಒಮ್ಮೆ ಹಾಸ್ಯದಿಂದ ಕೇಳುವ ಆ ಪ್ರಶ್ನೆ ವಾಸ್ತವವಾಗಿ ಪ್ರೇಕ್ಷಕನ ಪ್ರಶ್ನೆ.

ತೊಗಲುಗೊಂಬೆಯಾಟದ ಕ್ರಮವೂ ಇದಕ್ಕೆ ಹತ್ತಿರದ್ದು. ದೀಪದ ಬೆಳಕಿಗೆ ಮೈಯೊಡ್ಡಿದ ಬಿಳಿ ಪರದೆಯ ಮೇಲೆ ಮೊದಲು ಗಣಪತಿ ಮೂಡುತ್ತಾನೆ. ಆಮೇಲೆ ಕಿಳ್ಳೇಕ್ಯಾತ ಮತ್ತು ಬಂಗಾರಕ್ಕ ಬಂದು ತಮ್ಮ ಒರಟು ಹಾಸ್ಯದಿಂದ ಜನರನ್ನು ನಗಿಸಿ ಹತ್ತಿರ ಮಾಡಿಕೊಳ್ಳುತ್ತಾರೆ. ರಾಮಾಯಣ, ಮಹಾಭಾರತಗಳ ಗಂಭೀರ ಪ್ರಸಂಗಕ್ಕೆ ಮೊದಲು ಈ ನಗು ಏಕೆ ಎಂದರೆ, ನಕ್ಕು ಹಗುರಾದವನ ಮನಸ್ಸು ಮುಂದೆ ಅಳಲಿಕ್ಕೂ ಸಿದ್ಧವಾಗಿರುತ್ತದೆ. ಪರದೆ, ಬೆಳಕು, ಚಲಿಸುವ ಚಿತ್ರ, ಹಿನ್ನೆಲೆಯ ಹಾಡು ಇವಿಷ್ಟೂ ಇದ್ದ ಆ ಆಟವನ್ನು ನೋಡಿ ಬೆಳೆದ ಜನಕ್ಕೆ ಸಿನಿಮಾದ ಪರದೆ ತೀರಾ ಹೊಸದಾಗಿ ಕಂಡಿರಲಾರದು.

ಕನ್ನಡ ಚಿತ್ರರಂಗವೂ ರಂಗಭೂಮಿಯ ಮಡಿಲಿನಿಂದಲೇ ಎದ್ದುಬಂತು. 1934ರಲ್ಲಿ ತೆರೆಕಂಡ ಮೊದಲ ವಾಕ್ಚಿತ್ರ 'ಸತಿ ಸುಲೋಚನ'ದಲ್ಲಿ ನಟಿಸಿದ ಸುಬ್ಬಯ್ಯನಾಯ್ಡು, ಆರ್. ನಾಗೇಂದ್ರರಾಯರು ನಾಟಕ ಕಂಪನಿಯಲ್ಲಿ ಪಳಗಿದವರು. ಕಂಪನಿ ನಾಟಕದ ನಾಂದಿ ಸಿನಿಮಾದಲ್ಲಿ ದೇವರ ಚಿತ್ರಕ್ಕೆ ಮಾಡುವ ಮಂಗಳಾರತಿಯಾಯಿತು. ನಿರ್ಮಾಪಕರ ಮನೆದೇವರು, ಅಗಲಿದ ಹಿರಿಯರ ಭಾವಚಿತ್ರ, ಸಂಸ್ಥೆಯ ಲಾಂಛನ ಇವೆಲ್ಲ ಒಂದರ ಹಿಂದೊಂದು ಬರುವ ಪದ್ಧತಿ ಇಂದಿಗೂ ಬಿಟ್ಟುಹೋಗಿಲ್ಲ. ಸಾರಥಿಯ ಕೆಲಸವನ್ನು ಹಿನ್ನೆಲೆಯ ದನಿ ವಹಿಸಿಕೊಂಡಿತು.

ಹೊಸಹಳ್ಳಿಯ ಮಾವಿನಕಾಯಿ

ಆರಂಭದ ಬಲ ಏನೆಂಬುದನ್ನು ಮಾಲೂರು ತಾಲ್ಲೂಕಿನಲ್ಲಿ ಹುಟ್ಟಿದ ಮಾಸ್ತಿ ವೆಂಕಟೇಶ ಅಯ್ಯಂಗಾರ್ಯರು ಕ್ಯಾಮೆರಾ ಇಲ್ಲದೆಯೇ ತೋರಿಸಿದ್ದಾರೆ. ಅವರ ಆರಂಭದ ಕಥೆಗಳಲ್ಲೊಂದಾದ 'ರಂಗನ ಮದುವೆ'ಯಲ್ಲಿ ರಂಗ ಕಾಣಿಸಿಕೊಳ್ಳುವುದು ತಡವಾಗಿ. ಮೊದಲು ಬರುವುದು ಹೊಸಹಳ್ಳಿ. ಭೂಪಟದಲ್ಲಿ ತನ್ನೂರಿಗೆ ಜಾಗವಿಲ್ಲವೆಂದು ನಿರೂಪಕ ಹುಸಿಮುನಿಸು ತೋರುತ್ತಾನೆ, ಊರಿನ ಮಾವಿನಕಾಯಿಯ ಹುಳಿಯನ್ನು ಬಣ್ಣಿಸುತ್ತಾನೆ, ಕೆರೆಯಲ್ಲಿ ಬೆಳೆಯುವ ಬಳ್ಳಿಯ ಮಾತೆತ್ತುತ್ತಾನೆ. ಕಥೆಗೆ ಇವು ಯಾವುವೂ ಅನಿವಾರ್ಯವಲ್ಲ ಎಂದು ತೋರಬಹುದು. ಆದರೆ ಆ ಎರಡು ಪುಟ ದಾಟುವುದರೊಳಗೆ ಓದುಗನಿಗೆ ಒಂದು ವಿಷಯ ಖಚಿತವಾಗಿರುತ್ತದೆ. ಈ ಊರಿನಲ್ಲಿ ಯಾರಿಗೂ ಕೇಡಾಗುವುದಿಲ್ಲ, ಇಲ್ಲಿ ನಡೆಯುವ ಸಣ್ಣ ಮೋಸವೂ ಒಳ್ಳೆಯದರಲ್ಲೇ ಮುಗಿಯುತ್ತದೆ. ಮುಂದೆ ನಿರೂಪಕನೂ ಶಾಸ್ತ್ರಿಗಳೂ ಕೂಡಿ ರಂಗನನ್ನು ಮದುವೆಗೆ ಒಪ್ಪಿಸುವ ಹೂಟ ನಮಗೆ ಕುತಂತ್ರವೆನಿಸದೆ ತಮಾಷೆ ಎನಿಸುವುದು ಆ ಮಾವಿನಕಾಯಿಯ ದೆಸೆಯಿಂದ.

ಇದೇ ಕೆಲಸವನ್ನು ಸಿನಿಮಾ ನಾಲ್ಕು ಸಾಧನಗಳಿಂದ ಮಾಡುತ್ತದೆ: ಸದ್ದು, ದೂರ, ಬಣ್ಣ, ವೇಗ. ಕೋಲಾರದ ಜನ ಬಲ್ಲ ಒಂದು ನೋಟವನ್ನೇ ಉದಾಹರಣೆಗೆ ತೆಗೆದುಕೊಳ್ಳಬಹುದು. ನಸುಕಿನಲ್ಲಿ ಅಂತರಗಂಗೆ ಬೆಟ್ಟ, ಬಂಡೆಗಳ ನಡುವಿನ ಮೆಟ್ಟಿಲು, ಒಬ್ಬಳು ಹೆಂಗಸು ಹತ್ತುತ್ತಿದ್ದಾಳೆ. ಇದರ ಹಿಂದೆ ನಾದಸ್ವರ ಕೇಳಿಸಿದರೆ ಅವಳು ಹರಕೆ ಹೊತ್ತ ಭಕ್ತೆ. ಸಂಗೀತವೇ ಇಲ್ಲದೆ ಒಂದು ಕಾಗೆಯ ಕೂಗು, ಅವಳ ಏದುಸಿರು ಮಾತ್ರ ಕೇಳಿಸಿದರೆ ಏನೋ ಕೆಟ್ಟದ್ದು ಕಾದಿದೆ ಎಂಬ ಭಾವ. ಕ್ಯಾಮೆರಾ ಬಹು ದೂರದಲ್ಲಿ ನಿಂತು ಅವಳನ್ನು ಬಂಡೆಗಳ ಮಧ್ಯೆ ಇರುವೆಯಷ್ಟು ಚಿಕ್ಕದಾಗಿ ತೋರಿಸಿದರೆ ಕಥೆ ವಿಧಿಯದು. ಅವಳ ಒಡೆದ ಹಿಮ್ಮಡಿಯ ಹತ್ತಿರ ಹೋಗಿ ನಿಂತರೆ ಕಥೆ ಅವಳ ಬಡತನದ್ದು. ಬೆಳಗಿನ ಹೊಂಬಿಸಿಲಾದರೆ ಒಂದು, ಬೂದು ಮೋಡವಾದರೆ ಇನ್ನೊಂದು. ಹೆಂಗಸು ಅದೇ, ಮೆಟ್ಟಿಲೂ ಅದೇ. ಮಾತೊಂದೂ ಆಡದೆ ಹಲವು ಬೇರೆ ಬೇರೆ ಚಿತ್ರಗಳು ಶುರುವಾಗಿವೆ.

ಇವುಗಳ ಪೈಕಿ ಸದ್ದಿನ ಶಕ್ತಿ ಹೆಚ್ಚು ಗುಪ್ತವಾದದ್ದು. ಕಣ್ಣು ಒಪ್ಪದಿದ್ದುದನ್ನು ಕಿವಿ ಒಪ್ಪಿಬಿಡುತ್ತದೆ. ಅನೇಕ ಚಿತ್ರಗಳಲ್ಲಿ ತೆರೆ ಇನ್ನೂ ಕಪ್ಪಾಗಿರುವಾಗಲೇ ಮಳೆಯ, ರೈಲಿನ ಅಥವಾ ಉಸಿರಾಟದ ಸದ್ದು ಬರುವುದು ಈ ಕಾರಣಕ್ಕೆ. ನೋಟ ಬರುವ ಹೊತ್ತಿಗೆ ಮನಸ್ಸು ಆಗಲೇ ಒಂದು ಕಡೆ ವಾಲಿರುತ್ತದೆ.

ಹೆಸರುಗಳೇ ಕಥೆಯಾದಾಗ

ಬಹಳ ಕಾಲ ಹೆಸರು ತೋರಿಸುವ ಭಾಗವನ್ನು ಚಿತ್ರದ ಹೊರಗಿನದೆಂದೇ ಭಾವಿಸಲಾಗಿತ್ತು. ಹಾಲಿವುಡ್ಡಿನಲ್ಲಿ ಈ ಭಾವನೆಯನ್ನು ಬದಲಿಸಿದವರಲ್ಲಿ ಮುಖ್ಯನಾದವನು ಸಾಲ್ ಬಾಸ್ ಎಂಬ ವಿನ್ಯಾಸಕಾರ. 1955ರಲ್ಲಿ ಮಾದಕವಸ್ತುವಿನ ಚಟಕ್ಕೆ ಸಿಕ್ಕವನೊಬ್ಬನ ಕಥೆಗೆ ಅವನು ಕಾಗದದಲ್ಲಿ ಕತ್ತರಿಸಿದಂತಹ ಬಿಳಿ ಪಟ್ಟಿಗಳನ್ನೂ ಕೊನೆಯಲ್ಲಿ ಸೊಟ್ಟಗೆ ತಿರುಚಿದ ಒಂದು ತೋಳನ್ನೂ ಬಳಸಿದ. 1958ರ ಹಿಚ್‌ಕಾಕ್ ಚಿತ್ರ 'ವರ್ಟಿಗೊ'ಗೆ ಹೆಣ್ಣೊಬ್ಬಳ ಕಣ್ಣಿನೊಳಗಿಂದ ಸುಳಿಗಳು ಸುತ್ತುತ್ತ ಮೇಲೇಳುವಂತೆ ಮಾಡಿದ. ಎತ್ತರದ ಭಯದ ಕಥೆ ಆರಂಭವಾಗುವ ಮೊದಲೇ ನೋಡುವವರಿಗೆ ತಲೆ ಸುತ್ತಿದಂತಾಗುತ್ತಿತ್ತು. ಅದೇ ಹಿಚ್‌ಕಾಕ್ 1960ರಲ್ಲಿ 'ಸೈಕೊ' ಬಿಡುಗಡೆಯಾದಾಗ, ಆಟ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಬಾರದೆಂದು ಚಿತ್ರಮಂದಿರಗಳಿಗೆ ಕಟ್ಟಪ್ಪಣೆ ಮಾಡಿದ್ದ. ಡೇರೆಗೆ ಓಡುತ್ತಿದ್ದ ನಮ್ಮ ಹಳ್ಳಿಗರಿಗೆ ಆ ಅಪ್ಪಣೆಯ ಅಗತ್ಯ ಇರುತ್ತಿರಲಿಲ್ಲ.

ನಮ್ಮಲ್ಲಿ ಸತ್ಯಜಿತ್ ರಾಯ್ 1955ರ 'ಪಥೇರ್ ಪಾಂಚಾಲಿ'ಯ ಹೆಸರುಗಳನ್ನು ಒರಟು ಕಾಗದದ ಮೇಲೆ ಕೈಬರಹದಲ್ಲಿ ಬರೆದು ತೋರಿಸಿದರು. ಜತೆಗೆ ರವಿಶಂಕರರ ಸಿತಾರ್. ಸ್ಟುಡಿಯೋದ ಝಗಮಗವನ್ನು ಇಲ್ಲಿ ಹುಡುಕಬೇಡಿ ಎಂಬ ಮಾತು ಆ ಕಾಗದದಲ್ಲೇ ಇತ್ತು.

ಬೆಂಗಳೂರಿನ ಪಕ್ಕದ ರಾಮನಗರದ ಬಂಡೆಗಳ ನಡುವೆ ತಯಾರಾದ 'ಶೋಲೆ' 1975ರಲ್ಲಿ ತೆರೆಕಂಡಿತು. ರೈಲಿನಿಂದ ಇಳಿದ ಪೊಲೀಸ್ ಅಧಿಕಾರಿ, ತನ್ನನ್ನು ಕರೆದೊಯ್ಯಲು ಬಂದ ಆಳಿನೊಡನೆ ಕುದುರೆಯೇರಿ ಠಾಕೂರನ ಮನೆಯವರೆಗೆ ಹೋಗುವುದಷ್ಟೇ ಅದರ ಆರಂಭದ ದೃಶ್ಯ. ಹೆಸರುಗಳೆಲ್ಲ ಮುಗಿಯುವವರೆಗೂ ಮಾತಿಲ್ಲ. ಆರ್.ಡಿ. ಬರ್ಮನ್ನರ ಗಿಟಾರ್ ಮತ್ತು ಕಹಳೆಯ ನಾದದಲ್ಲಿ ಬಂಡೆ, ಬಯಲು, ಹಳ್ಳಿ ಒಂದೊಂದಾಗಿ ಸರಿಯುತ್ತವೆ. ಆ ಸವಾರಿ ಮುಗಿಯುವುದರೊಳಗೆ ಊರಿನ ನಕ್ಷೆ ಪ್ರೇಕ್ಷಕನ ತಲೆಯಲ್ಲಿ ಕೂತಿರುತ್ತದೆ. ಇಷ್ಟು ಒಂಟಿಯಾದ ಊರಿಗೆ ಡಕಾಯಿತರು ಬಂದರೆ ಕೇಳುವವರು ಯಾರೂ ಇಲ್ಲ ಎಂಬ ಭಯವೂ ಜತೆಗೆ ಕೂರುತ್ತದೆ.

ಕನ್ನಡಿಗರ ಮನೆಮನೆಗೆ ಹತ್ತಿರವಾದ ಆರಂಭವೆಂದರೆ 1980ರ ದಶಕದಲ್ಲಿ ಶಂಕರ್‌ನಾಗ್ ದೂರದರ್ಶನಕ್ಕಾಗಿ ನಿರ್ದೇಶಿಸಿದ 'ಮಾಲ್ಗುಡಿ ಡೇಸ್'ದು. ಆರ್.ಕೆ. ಲಕ್ಷ್ಮಣರ ರೇಖಾಚಿತ್ರಗಳು, ಎಲ್. ವೈದ್ಯನಾಥನ್ನರ ಒಂದು ಸಣ್ಣ ರಾಗ, ಇಷ್ಟೇ ಅದರ ಬಂಡವಾಳ. ಆಗುಂಬೆಯಲ್ಲಿ ಚಿತ್ರಿಸಿದ ಆ ಊರು ಭೂಪಟದಲ್ಲಿಲ್ಲದ ಊರು. ಆದರೂ ಆ ರಾಗ ಕೇಳಿದೊಡನೆ ಅಡುಗೆಮನೆಯಲ್ಲಿದ್ದವರೂ ಕೈ ಒರೆಸಿಕೊಂಡು ಹೊರಬರುತ್ತಿದ್ದರು. ಮಾಸ್ತಿಯವರು ಮಾವಿನಕಾಯಿಯಿಂದ ಸಾಧಿಸಿದ್ದನ್ನು ಈ ಧಾರಾವಾಹಿ ಕೆಲವು ಗೆರೆಗಳಿಂದ ಸಾಧಿಸಿತು.

ಆರಂಭ ಕೆಲವೊಮ್ಮೆ ಉತ್ಸವವೂ ಹೌದು. 1992ರ ತಮಿಳು ಚಿತ್ರ 'ಅಣ್ಣಾಮಲೈ'ಯಲ್ಲಿ ರಜನಿಕಾಂತರ ಬಿರುದು ಚುಕ್ಕಿಗಳಲ್ಲಿ ಅಕ್ಷರ ಅಕ್ಷರವಾಗಿ ಮೂಡಿತು. ಅಂದಿನಿಂದ ಅವರ ಚಿತ್ರಗಳಿಗೆ ಅದೇ ನಾಂದಿಯಾಯಿತು. ಕನ್ನಡ, ತೆಲುಗು, ತಮಿಳು ಮೂರೂ ಕಿವಿಗೆ ಬೀಳುವ ಕೋಲಾರ ಜಿಲ್ಲೆಯ ಊರುಗಳಲ್ಲಿ ಮೂರು ಭಾಷೆಯ ನಾಯಕರ ಈ ಬಗೆಯ ಒಡ್ಡೋಲಗಗಳಿಗೂ ಶಿಳ್ಳೆ ಬಿದ್ದಿದೆ. ಕೇಳಿಕೆಯಲ್ಲಿ ತೆರೆಯ ಮೇಲೆ ಕಿರೀಟ ಕಂಡಾಗ ಏಳುತ್ತಿದ್ದ ಕೇಕೆಗೂ ಈ ಶಿಳ್ಳೆಗೂ ನಂಟಿದೆ.

ಸಾವಿನ ನಗು, ದೈವದ ಸಾಲ

ಈಚಿನ ಕನ್ನಡ ಚಿತ್ರಗಳಲ್ಲಿ ಎರಡು ಆರಂಭಗಳನ್ನು ಹೋಲಿಸಿ ನೋಡುವುದು ಉಪಯುಕ್ತ. ರಾಮ್ ರೆಡ್ಡಿ ನಿರ್ದೇಶನದ 'ತಿಥಿ' 2015ರಲ್ಲಿ ಲೊಕಾರ್ನೊ ಚಿತ್ರೋತ್ಸವದಲ್ಲಿ ಪ್ರಶಸ್ತಿ ಪಡೆದು ಮರುವರ್ಷ ನಮ್ಮಲ್ಲಿ ತೆರೆಕಂಡಿತು. ನೂರು ವರ್ಷ ದಾಟಿದ ಸೆಂಚುರಿ ಗೌಡ ಮಂಡ್ಯ ಸೀಮೆಯ ಹಳ್ಳಿಯೊಂದರ ಬೀದಿಬದಿಯಲ್ಲಿ ಕೂತು ಹೋಗಿಬರುವವರನ್ನೆಲ್ಲ ಬಾಯಿಗೆ ಬಂದಂತೆ ಬಯ್ಯುತ್ತಾನೆ. ಯಾರಿಗೂ ಸಿಟ್ಟಿಲ್ಲ. ಮುದುಕ ಎದ್ದು ಮೂತ್ರಕ್ಕೆಂದು ಮೂಲೆಗೆ ಹೋಗಿ, ಅಲ್ಲೇ ಕುಸಿದು ಸಾಯುತ್ತಾನೆ. ನಗುತ್ತಿದ್ದ ಪ್ರೇಕ್ಷಕ ನಗು ನಿಲ್ಲಿಸಬೇಕೋ ಬೇಡವೋ ತಿಳಿಯದೆ ಒದ್ದಾಡುತ್ತಾನೆ. ಆ ಒದ್ದಾಟವೇ ಚಿತ್ರದ ಧಾಟಿ. ಮುಂದೆ ಹನ್ನೊಂದು ದಿನ ನಡೆಯುವ ಆಸ್ತಿಯ ಲೆಕ್ಕ, ಸುಳ್ಳು, ಸಾಲ, ಬಾಡೂಟ ಎಲ್ಲವನ್ನೂ ನಗು ಮತ್ತು ಸಾವು ಒಂದೇ ಜಗಲಿಯಲ್ಲಿ ಕೂತು ನೋಡುತ್ತವೆ.

2022ರ 'ಕಾಂತಾರ' ಹಿಡಿದ ದಾರಿ ಬೇರೆ. 1847ರಲ್ಲಿ ನೆಮ್ಮದಿಯಿಲ್ಲದ ಅರಸನೊಬ್ಬ ಕಾಡಿನಲ್ಲಿ ದೈವದ ಕಲ್ಲನ್ನು ಕಂಡು, ಅದಕ್ಕೆ ಬದಲಾಗಿ ಜನರಿಗೆ ಭೂಮಿ ಕೊಡುತ್ತಾನೆ. 1970ರಲ್ಲಿ ಅವನ ವಂಶದವನು ಕೋಲದ ನಡುವೆಯೇ ಆ ಭೂಮಿಯನ್ನು ಹಿಂದಕ್ಕೆ ಕೇಳುತ್ತಾನೆ. ದೈವದ ನುಡಿಯನ್ನು ಅವನು ಹಂಗಿಸಿದ ಮೇಲೆ ಕೋಲ ಕಟ್ಟಿದವನು ಕಾಡಿನೊಳಗೆ ಓಡಿ ಮರೆಯಾಗುತ್ತಾನೆ. ನಾಯಕನ ಕಥೆ ಶುರುವಾಗುವ ಮೊದಲೇ ತೀರದ ಒಂದು ಸಾಲ, ಮುರಿದ ಒಂದು ಮಾತು ಪ್ರೇಕ್ಷಕನ ಮನಸ್ಸಿನಲ್ಲಿ ಕೂತಿದೆ. ಆಮೇಲೆ ಬರುವ ಹಾಸ್ಯ, ಕಂಬಳ, ಪ್ರೇಮ ಯಾವುದನ್ನು ನೋಡುತ್ತಿದ್ದರೂ ಆ ಸಾಲದ ನೆನಪು ಹಿಂದೆಯೇ ಬರುತ್ತದೆ.

ಒಂದರಲ್ಲಿ ಸಾವು ಹಗುರ, ಇನ್ನೊಂದರಲ್ಲಿ ಮರೆಯಾಗುವುದೂ ಭಾರ. ಎರಡರಲ್ಲೂ ಜಗಳ ಭೂಮಿಯದೇ. ಅದನ್ನು ನಗುತ್ತ ನೋಡಬೇಕೋ ಕೈಮುಗಿದು ನೋಡಬೇಕೋ ಎಂಬುದನ್ನು ಆರಂಭ ಹೇಳಿಕೊಟ್ಟಿದೆ.

ಮುಳಬಾಗಿಲು ಮೂಲದ ನಟಿ ಸೌಂದರ್ಯ ನಿರ್ಮಿಸಿ ನಟಿಸಿದ, ಗಿರೀಶ ಕಾಸರವಳ್ಳಿ ನಿರ್ದೇಶನದ 'ದ್ವೀಪ'ವನ್ನೂ (2002) ಇಲ್ಲಿ ನೆನೆಯಬೇಕು. ನಾ. ಡಿಸೋಜರ ಕಾದಂಬರಿಯನ್ನು ಆಧರಿಸಿದ ಆ ಚಿತ್ರದಲ್ಲಿ ಅಣೆಕಟ್ಟಿನ ನೀರು ಏರುತ್ತ ಒಂದು ಕುಟುಂಬದ ನೆಲವನ್ನು ಆವರಿಸುತ್ತದೆ. ಮಳೆ ಮತ್ತು ನೀರು ಅಲ್ಲಿ ಹಿನ್ನೆಲೆಯಲ್ಲ, ಪಾತ್ರ. ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯ ಜತೆಗೆ ಛಾಯಾಗ್ರಹಣದ ಪ್ರಶಸ್ತಿಯೂ ಅದಕ್ಕೆ ಬಂದದ್ದು ಸಹಜವೇ. ನೆಲ ಕಳೆದುಕೊಳ್ಳುವವರ ಕಣ್ಣಿನಿಂದಲೇ ನೋಡುತ್ತೇನೆ ಎಂಬ ನಿಲುವನ್ನು ಆ ಚಿತ್ರ ಕೊನೆಯವರೆಗೂ ಬಿಡುವುದಿಲ್ಲ.

ಗಣಿಯ ಕಥೆ ಯಾರ ಬಾಯಲ್ಲಿ?

ಈಗ ಕೋಲಾರದ ಚಿನ್ನದ ಗಣಿಗೆ ಬರಬಹುದು. 2018ರ ಡಿಸೆಂಬರಿನಲ್ಲಿ ತೆರೆಕಂಡ 'ಕೆಜಿಎಫ್' ಚಿತ್ರದ ಆರಂಭ ಗಣಿಯಲ್ಲಿ ಇಲ್ಲ. ಅದು ಇರುವುದು ಟೆಲಿವಿಷನ್ ವಾಹಿನಿಯೊಂದರ ಕಚೇರಿಯಲ್ಲಿ. ಪತ್ರಕರ್ತ ಆನಂದ ಇಂಗಳಗಿ ಬರೆದ ಪುಸ್ತಕವನ್ನು ಸರ್ಕಾರ ನಿಷೇಧಿಸಿ ಪ್ರತಿಗಳನ್ನು ಸುಡಿಸಿದೆ. ಹೇಗೋ ಒಂದು ಪ್ರತಿ ಉಳಿದಿದೆ. ವಾಹಿನಿಯವರು ಲೇಖಕನನ್ನೇ ಕರೆತಂದು ಕೂರಿಸಿ ಕಥೆ ಹೇಳಿಸುತ್ತಾರೆ. ಅನಂತನಾಗ್ ಅವರ ಗಂಭೀರ ದನಿಯಲ್ಲಿ ಕಥೆ ಹೊರಡುತ್ತದೆ: 1951ರಲ್ಲಿ ಅಲ್ಲಿ ಚಿನ್ನ ಸಿಕ್ಕಿತು, ಅದೇ ರಾತ್ರಿ ಬಡ ಹೆಂಗಸೊಬ್ಬಳ ಹೊಟ್ಟೆಯಲ್ಲಿ ನಾಯಕ ಹುಟ್ಟಿದ.

ಚಿತ್ರಕಥೆಯ ದೃಷ್ಟಿಯಿಂದ ಇದು ಬಹಳ ಜಾಣತನದ ಆರಂಭ. ಸುಟ್ಟ ಪುಸ್ತಕವೆಂದರೆ ಮುಚ್ಚಿಟ್ಟ ಸತ್ಯವೆಂದು ನಮ್ಮ ಮನಸ್ಸು ತಾನಾಗಿಯೇ ಲೆಕ್ಕ ಹಾಕುತ್ತದೆ. ನಂಬಲಾಗದ ಸಾಹಸಗಳನ್ನು ನೇರವಾಗಿ ತೋರಿಸಿದ್ದರೆ ಉತ್ಪ್ರೇಕ್ಷೆ ಎನಿಸುತ್ತಿತ್ತು. ಹಿರಿಯನೊಬ್ಬ ಹೇಳುವ ಕಥೆಯಾದಾಗ ಅದೇ ಉತ್ಪ್ರೇಕ್ಷೆ ದಂತಕಥೆಯಾಗುತ್ತದೆ. ಗಣಿ ಮತ್ತು ಮಗು ಒಂದೇ ರಾತ್ರಿ ಹುಟ್ಟಿದವೆಂಬ ಮಾತು ಪುರಾಣದ ಧಾಟಿಯದು. ಕೃಷ್ಣ ಹುಟ್ಟಿದ ರಾತ್ರಿಯ ಕಥೆ ಕೇಳಿ ಬೆಳೆದವರಿಗೆ ಮುಂದೇನಾಗಬೇಕೆಂದು ಯಾರೂ ಹೇಳಬೇಕಾಗಿಲ್ಲ. ಕಲ್ಲಿದ್ದಲ ಮಸಿಯಂತಹ ಕಪ್ಪು, ಬೂದು ಬಣ್ಣಗಳೂ ರವಿ ಬಸ್ರೂರರ ಸಂಗೀತದ ಭಾರವೂ ಈ ನಂಬಿಕೆಗೆ ಒತ್ತಾಸೆಯಾಗುತ್ತವೆ. ಕೇಳಿಕೆಯ ಸಾರಥಿ ಇಲ್ಲಿ ಟೆಲಿವಿಷನ್ ಸಂದರ್ಶಕಿಯ ವೇಷದಲ್ಲಿ ಕೂತು ಪ್ರಶ್ನೆ ಕೇಳುತ್ತಿದ್ದಾಳೆ. 1941ರ 'ಸಿಟಿಜನ್ ಕೇನ್' ಕೂಡ ಸತ್ತ ಶ್ರೀಮಂತನ ಕಥೆಯನ್ನು ಪತ್ರಕರ್ತನೊಬ್ಬನ ಹುಡುಕಾಟವಾಗಿಯೇ ಹೂಡಿತ್ತು. ಆದರೆ ಅಲ್ಲಿ ಹೇಳುವವರು ಹಲವರು, ಒಬ್ಬರ ಮಾತಿಗೂ ಇನ್ನೊಬ್ಬರ ಮಾತಿಗೂ ಹೊಂದುವುದಿಲ್ಲ. ಇಲ್ಲಿ ಹೇಳುವ ದನಿ ಒಂದೇ.

ಚಿತ್ರ ಕಾಲ್ಪನಿಕ ಎಂಬುದರಲ್ಲಿ ಮುಚ್ಚುಮರೆಯಿಲ್ಲ, ಕಲ್ಪನೆಯ ಹಕ್ಕು ಕಲಾವಿದನಿಗೆ ಇದ್ದೇ ಇದೆ. ಆದರೆ ಹೆಸರು ನಿಜವಾದ ಊರಿನದು. ಚಿತ್ರೀಕರಣವೂ ಅಲ್ಲಿನ ಸಯನೈಡ್ ದಿಬ್ಬಗಳ ಮೇಲೆ ನಡೆಯಿತು. ಹಾಗಾಗಿ ನಿಜವಾದ ಆರಂಭ ಯಾವುದೆಂದು ತಿಳಿದಿರುವುದು ಒಳ್ಳೆಯದು. ಮಾರಿಕುಪ್ಪಂ, ಊರಿಗಾಂ ಸುತ್ತಿನ ಜನ ಮಣ್ಣು ತೊಳೆದು ಚಿನ್ನ ತೆಗೆಯುತ್ತಿದ್ದುದನ್ನು ಜಾನ್ ವಾರನ್ ಎಂಬ ಬ್ರಿಟಿಷ್ ಅಧಿಕಾರಿ 1802ರ ಸುಮಾರಿಗೇ ಗಮನಿಸಿದ್ದ. 1870ರ ದಶಕದಲ್ಲಿ ನಿವೃತ್ತ ಸೈನಿಕ ಮೈಕೇಲ್ ಲಾವೆಲ್ ಗಣಿಗಾರಿಕೆಗೆ ಮೈಸೂರು ಸರ್ಕಾರದ ಅನುಮತಿ ಪಡೆದ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿ ಬಂತು. 1902ರಲ್ಲಿ ಶಿವನಸಮುದ್ರದಿಂದ ಇಲ್ಲಿಗೆ ವಿದ್ಯುತ್ತು ಹರಿಯಿತು. ಬೆಂಗಳೂರಿನ ಬೀದಿಗಳಿಗೆ ಅದು ತಲುಪಿದ್ದು ಆಮೇಲೆ. ಚಿತ್ರ ಚಿನ್ನವನ್ನು ಕಂಡುಹಿಡಿಯುವ 1951ರ ಹೊತ್ತಿಗೆ ಗಣಿಗೆ ಎಪ್ಪತ್ತು ವರ್ಷವಾಗಿತ್ತು. 1956ರಲ್ಲಿ ರಾಷ್ಟ್ರೀಕರಣವಾಗಿ, 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಮುಚ್ಚುವ ವೇಳೆಗೆ ಈ ನೆಲ 800 ಟನ್‌ಗೂ ಮಿಕ್ಕಿ ಚಿನ್ನ ಕೊಟ್ಟಿತ್ತು.

ಆ ಚಿನ್ನವನ್ನು ಮೇಲಕ್ಕೆ ತಂದವರಲ್ಲಿ ಹೆಚ್ಚಿನವರು ಉತ್ತರ ಆರ್ಕಾಟ್ ಕಡೆಯಿಂದ ಬಂದ ತಮಿಳು ದಲಿತರು. ಜಮೀನ್ದಾರರ ಕಾಟ, ಬರ, ಜಾತಿಯ ಅವಮಾನ ಇವುಗಳಿಂದ ತಪ್ಪಿಸಿಕೊಂಡು ಬಂದವರು ನೆಲದಡಿ ಮೂರು ಕಿಲೋಮೀಟರಿಗೂ ಹೆಚ್ಚು ಆಳಕ್ಕೆ ಇಳಿದರು. ಬಂಡೆ ಸಿಡಿದು ಸತ್ತವರಿದ್ದಾರೆ. ಕಲ್ಲಿನ ದೂಳು ಶ್ವಾಸಕೋಶ ಹೊಕ್ಕು ಸಿಲಿಕೋಸಿಸ್‌ನಿಂದ ನವೆದವರಿದ್ದಾರೆ. ಅವರಲ್ಲಿ ಓದಿನ, ಸಂಘಟನೆಯ, ಮುಷ್ಕರದ, ಅಂಬೇಡ್ಕರ್ ವಿಚಾರದ ದೊಡ್ಡ ಪರಂಪರೆಯೂ ಇತ್ತು. ಚಿತ್ರದಲ್ಲಿ ಕಾಣುವ ಮೂಕ ಗುಲಾಮರಿಗೂ ತಮ್ಮ ಹಕ್ಕನ್ನು ತಾವೇ ಕೇಳಿದ ಈ ಕಾರ್ಮಿಕರಿಗೂ ಹೋಲಿಕೆ ಕಡಿಮೆ. ತಮ್ಮನ್ನು ಬಿಡಿಸಲು ಹೊರಗಿನಿಂದ ಒಬ್ಬ ನಾಯಕ ಬರಬೇಕೆಂದು ಅವರು ಕಾದು ಕೂತಿರಲಿಲ್ಲ.

2024ರ ಆಗಸ್ಟ್‌ನಲ್ಲಿ ತೆರೆಕಂಡ ಪಾ. ರಂಜಿತ್ ನಿರ್ದೇಶನದ ತಮಿಳು ಚಿತ್ರ 'ತಂಗಲಾನ್' ಇದೇ ಚಿನ್ನದ ಕಥೆಯನ್ನು ಇನ್ನೊಂದು ಬಾಗಿಲಿನಿಂದ ಪ್ರವೇಶಿಸಿತು. ಕಾಲ ಹತ್ತೊಂಬತ್ತನೇ ಶತಮಾನ, ಊರು ಉತ್ತರ ಆರ್ಕಾಟಿನದು. ಸ್ವಂತ ತುಂಡು ನೆಲ ಉಳುವ ಕುಟುಂಬ, ಸುಟ್ಟುಹೋದ ಫಸಲು, ಕೈತಪ್ಪಿದ ಭೂಮಿ, ಮಕ್ಕಳಿಗೆ ಅಪ್ಪ ಹೇಳುವ ಪೂರ್ವಿಕರ ಕಥೆ. ಇಲ್ಲೂ ದಂತಕಥೆಯಿದೆ, ಮಾಯೆಯಿದೆ. ಇಲ್ಲೂ ಚರಿತ್ರೆಯನ್ನು ಇದ್ದಂತೆಯೇ ಹೇಳಿಲ್ಲ. ಆದರೆ ಗಣಿಗೆ ಹೋಗುವವನು ಏಕೆ ಹೋಗುತ್ತಾನೆ ಎಂಬುದು ಮೊದಲೇ ತಿಳಿಯುತ್ತದೆ. ಒಂದು ಚಿತ್ರಕ್ಕೆ ಸಾರಥಿಯಾದದ್ದು ವಾಹಿನಿ, ಇನ್ನೊಂದಕ್ಕೆ ಸಾರಥಿಗಳಾದದ್ದು ಮನೆಯ ಮಕ್ಕಳು. ಒಂದೇ ನೆಲ, ಒಂದೇ ಲೋಹ. ಪ್ರೇಕ್ಷಕನ ಸಹಾನುಭೂತಿ ಮಾತ್ರ ಎರಡು ಕಡೆಗೆ ಹರಿಯುತ್ತದೆ.

ಆರಂಭವನ್ನು ಹಾರಿಸುವ ಕಾಲ

ಇಂದು ಚಿತ್ರಮಂದಿರಕ್ಕೆ ಹೋದವರಿಗೆ ಕಥೆಯ ಆರಂಭಕ್ಕಿಂತ ಮುಂಚೆ ಬೇರೆ ಆರಂಭಗಳೂ ಕಾದಿರುತ್ತವೆ. ಹಿಂದೆ ಅಂಗಡಿಗಳ ಜಾಹೀರಾತಿನ ಸ್ಲೈಡುಗಳು ಮತ್ತು 1948ರಲ್ಲಿ ಸ್ಥಾಪನೆಯಾದ ಫಿಲ್ಮ್ಸ್ ಡಿವಿಷನ್ನಿನ ವಾರ್ತಾಚಿತ್ರಗಳಿದ್ದವು. 2012ರಿಂದ ತಂಬಾಕಿನ ಅಪಾಯ ಹೇಳುವ ಕಿರುಚಿತ್ರ ಬಂದಿದೆ. ರಾಷ್ಟ್ರಗೀತೆಯನ್ನು ಸರ್ವೋಚ್ಚ ನ್ಯಾಯಾಲಯ 2016ರಲ್ಲಿ ಕಡ್ಡಾಯಗೊಳಿಸಿ, 2018ರಲ್ಲಿ ಐಚ್ಛಿಕವೆಂದು ತಿದ್ದಿತು. ಸೆನ್ಸಾರ್ ಪ್ರಮಾಣಪತ್ರ, ಕಥೆ ಕಾಲ್ಪನಿಕವೆಂಬ ಹೇಳಿಕೆ, ಪ್ರಾಣಿಗಳಿಗೆ ಹಿಂಸೆಯಾಗಿಲ್ಲವೆಂಬ ಹೇಳಿಕೆ, ಕೃತಜ್ಞತೆಯ ಉದ್ದ ಪಟ್ಟಿ ಇವೆಲ್ಲ ಮುಗಿಯುವ ಹೊತ್ತಿಗೆ ಹಳೆಯ ಪೂರ್ವರಂಗವೇ ಚಿಕ್ಕದೆನಿಸುತ್ತದೆ.

ಮನೆಯಲ್ಲಿ ಕೂತು ನೋಡುವವರ ಪಾಡು ಇದಕ್ಕೆ ವಿರುದ್ಧ. 2017ರಲ್ಲಿ ನೆಟ್‌ಫ್ಲಿಕ್ಸ್ ಧಾರಾವಾಹಿಗಳ ಆರಂಭವನ್ನು ಹಾರಿಸಿಬಿಡುವ ಗುಂಡಿಯೊಂದನ್ನು ತೆರೆಯ ಮೂಲೆಯಲ್ಲಿ ತಂದಿತು, ಉಳಿದ ಕಂಪನಿಗಳೂ ಅನುಸರಿಸಿದವು. ಬೆರಳೊತ್ತಿದರೆ ನೇರವಾಗಿ ಕಥೆ. ಹತ್ತು ಕಂತು ಒಟ್ಟಿಗೆ ನೋಡುವವರಿಗೆ ಇದು ಅನುಕೂಲವೇ. ಆದರೆ ಸಂತೆಯಿಂದ ಬಂದವನು ಗಣಪತಿಯ ಸ್ತುತಿ ಮುಗಿಯುವವರೆಗೆ ಕೂತಾಗ ಅವನೊಳಗಿನ ಸಂತೆಯ ಗದ್ದಲ ಅಡಗುತ್ತಿತ್ತು. ಹಾರಿಸುವ ಗುಂಡಿ ಒತ್ತಿದವನು ತನ್ನ ಗದ್ದಲವನ್ನು ಹೊತ್ತುಕೊಂಡೇ ಕಥೆಯೊಳಗೆ ಕಾಲಿಡುತ್ತಾನೆ.

ಅದಕ್ಕಿಂತ ಮುಖ್ಯವಾದ ನಷ್ಟ ಇನ್ನೊಂದು. ಆರಂಭವನ್ನು ಗಮನವಿಟ್ಟು ನೋಡಿದವನಿಗೆ ಚಿತ್ರ ತನ್ನನ್ನು ಎತ್ತ ಒಯ್ಯುತ್ತಿದೆ ಎಂಬುದು ತಿಳಿದಿರುತ್ತದೆ. ಮೊದಲ ದನಿ ಯಾರದು, ಕ್ಯಾಮೆರಾ ಯಾರ ಭುಜದ ಮೇಲಿಂದ ನೋಡುತ್ತಿದೆ, ಯಾವ ವರ್ಷವನ್ನು ಮೊದಲನೆಯದೆಂದು ಹೇಳಲಾಗುತ್ತಿದೆ, ಅದಕ್ಕೆ ಹಿಂದಿನದು ಎಲ್ಲಿ ಹೋಯಿತು ಎಂದು ಅವನು ಕೇಳಬಲ್ಲ. ಸಾರಥಿ ವೇಷಗಳಿಗೆ ಹಾಕುತ್ತಿದ್ದ ಪ್ರಶ್ನೆ ಅದೇ: ತಾವು ಯಾರು, ಎಲ್ಲಿಂದ ಬಂದಿರಿ, ಬಂದ ಕಾರಣವೇನು?

ಗಣಿ ಮುಚ್ಚಿದ ಮೇಲೆ ಕೆಜಿಎಫ್‌ನ ಸಾವಿರಾರು ಜನ ಬೆಳಕು ಹರಿಯುವ ಮೊದಲೇ ಮಾರಿಕುಪ್ಪಂನಿಂದ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿಬರುವುದು ರೂಢಿಯಾಗಿದೆ. ಬುತ್ತಿಯ ಚೀಲ ಮಡಿಲಲ್ಲಿಟ್ಟುಕೊಂಡು ಕಿಟಕಿಗೆ ತಲೆಯಾನಿಸಿ ತೂಗಡಿಸುವ ಆ ಪ್ರಯಾಣಿಕರಲ್ಲಿ ಅನೇಕರ ಅಜ್ಜಂದಿರು ಭೂಮಿಯೊಳಗೆ ಇಳಿದವರು. ಚಿನ್ನದ ಕಥೆಯನ್ನು ಆ ರೈಲುಡಬ್ಬಿಯಿಂದ ಆರಂಭಿಸುವ ಚಿತ್ರವೊಂದು ಬಂದರೆ, ಅದರ ಮೊದಲ ಐದು ನಿಮಿಷವನ್ನು ಯಾರೂ ಹಾರಿಸಬಾರದು.